ಎರಡನೆಯ ಸೀನು

ಹೊಳೆಪ್ಪನ ಬೆನ್ನಿನ ಬಗ್ಗೆ ಹೊಸ ತೆಗ್ಗಿನಾಳದಲ್ಲಿ ಎರಡು ಕಥೆಗಳಿದ್ದವು. ಒಂದು ಇಡೀ ಊರಿಗೆ ಗೊತ್ತಿತ್ತು. ಇನ್ನೊಂದು ಹೊಳೆಪ್ಪನಿಗೂ ಅವನ ಹೆಂಡತಿ ಸಾತವ್ವನಿಗೂ ಮಾತ್ರ ಗೊತ್ತಿತ್ತು. ಊರಿಗೆ ಗೊತ್ತಿದ್ದ ಕಥೆಯಲ್ಲಿ ಹೊಳೆಪ್ಪ ದೊಡ್ಡ ಮನುಷ್ಯ. ಇನ್ನೊಂದರಲ್ಲಿ ಎಷ್ಟು ಹುಡುಕಿದರೂ ದೊಡ್ಡ ಮನುಷ್ಯ ಸಿಗುತ್ತಿರಲಿಲ್ಲ, ಒಂದು ತಪಕೀರಿನ, ಎಂದರೆ ನಶ್ಯದ, ಡಬ್ಬಿ ಸಿಗುತ್ತಿತ್ತು. ಆ ಡಬ್ಬಿಯ ಮಾತಿಗೆ ಆಮೇಲೆ ಬರೋಣ.

ತೆಗ್ಗಿನಾಳ ಹಿಂದೆ ನಿಜಕ್ಕೂ ತೆಗ್ಗಿನಲ್ಲೇ ಇತ್ತು. ಆಲಮಟ್ಟಿಯ ಹಿನ್ನೀರು ಏರಿದಾಗ ಸರಕಾರ ಊರನ್ನು ಎತ್ತಿ ದಿಬ್ಬದ ಮೇಲೆ ಇಟ್ಟಿತು. ಹೆಸರನ್ನು ಮಾತ್ರ ಎತ್ತುವವರಿರಲಿಲ್ಲ. ಹೀಗಾಗಿ ಬೀಳಗಿ ತಾಲೂಕಿನ ಆ ಭಾಗಕ್ಕೆಲ್ಲ ಎತ್ತರದ ಊರು ಈಗ ತೆಗ್ಗಿನಾಳ. ಮೊದಲು ಬೇಸಿಗೆಯಲ್ಲಿ ಮೊಣಕಾಲುದ್ದ ನೀರಿನಲ್ಲಿ ನಡೆದು ದಾಟುತ್ತಿದ್ದ ಹೊಳೆ ಈಗ ಒಂದು ಮೈಲಿ ಅಗಲದ ಸಮುದ್ರ. ಆಚೆ ದಂಡೆಯ ಹೊಲ, ಬೀಗರು, ಶಾಲೆ ಎಲ್ಲವೂ ಕಣ್ಣಿಗೆ ಕಾಣುತ್ತವೆ, ಕಾಲಿಗೆ ಸಿಗುವುದಿಲ್ಲ. ಬಸ್ಸು ಹಿಡಿದು ಸೇತುವೆಯ ಮೇಲೆ ಸುತ್ತಿ ಹೋದರೆ ಅರ್ಧ ದಿನ. ಅದಕ್ಕೆಂದು ಪಂಚಾಯಿತಿ ಒಂದು ಫೈಬರ್ ಬೋಟು ತಂದು, ಹಿಂದೆ ಎಂಜಿನ್ನು ಕಟ್ಟಿ, ಅದನ್ನು ಹೊಳೆಪ್ಪನ ಕೈಗೆ ಕೊಟ್ಟಿತ್ತು. ಅವನ ಅಪ್ಪ, ಅಜ್ಜ ಇಬ್ಬರೂ ಹರಿಗೋಲಿಗೆ ಹುಟ್ಟು ಹಾಕಿದವರು. ಎಂಜಿನ್ನಿನ ಬೋಟು ನಡೆಸಿದ ವಂಶದ ಮೊದಲಿಗ ತಾನೇ ಎಂಬ ಜಂಬ ಹೊಳೆಪ್ಪನಿಗೆ ಸ್ವಲ್ಪ ಜಾಸ್ತಿಯೇ ಇತ್ತು.

ಆ ಜಂಬವೆಲ್ಲ ಒಂದು ಹಗ್ಗದಲ್ಲಿತ್ತು. ಬೋಟಿನ ಎಂಜಿನ್ನು ಚಾಲೂ ಆಗಬೇಕಾದರೆ ಅದರ ತಲೆಯ ಮೇಲಿನ ಹಗ್ಗವನ್ನು ಒಮ್ಮೆಲೇ ಜಗ್ಗಬೇಕು. ಉಳಿದವರು ಕುಳಿತು, ಕಾಲು ಕೊಟ್ಟು, ನಾಲ್ಕೈದು ಸಲ ಜಗ್ಗುತ್ತಾರೆ. ಹೊಳೆಪ್ಪ ಹಾಗಲ್ಲ. ಎದ್ದು ನಿಂತು, ಎಡಗೈ ಸೊಂಟದ ಮೇಲಿಟ್ಟು, ಮುಖ ಜನರ ಕಡೆಗೇ ಇಟ್ಟುಕೊಂಡು, ನಡು ಹೊರಳಿಸಿ ಬಲಗೈಯಿಂದ ಒಂದೇ ಒಂದು ಜಗ್ಗು. ಎಂಜಿನ್ನು ಗುರ್ ಎನ್ನುತ್ತಿತ್ತು. ದಂಡೆಯ ಮೇಲೆ ಹೊಸಬರು ಯಾರಾದರೂ ಇದ್ದರೆ, ನಡೆಯುತ್ತಿದ್ದ ಎಂಜಿನ್ನನ್ನೇ ಬಂದ್ ಮಾಡಿ ಇನ್ನೊಮ್ಮೆ ಚಾಲೂ ಮಾಡಿದ್ದೂ ಉಂಟು.

ಎರಡು ಸಾವಿರದ ಒಂಬತ್ತರ ಮಹಾಪೂರದಲ್ಲಿ ಹೊಳೆಪ್ಪ ಖರೆಯಾಗಿಯೂ ಕೆಲಸ ಮಾಡಿದ. ಅದನ್ನು ಅಲ್ಲಗಳೆಯುವಂತಿಲ್ಲ. ಎರಡು ಹಗಲು ಬೋಟಿನಿಂದ ಇಳಿಯಲಿಲ್ಲ. ಹಳೆಯ ಊರಿನ ಹತ್ತಿರ ಎಮ್ಮೆ ಕಟ್ಟಿಕೊಂಡಿದ್ದ ಕಸ್ತೂರೆವ್ವನ ಕೊಟ್ಟಿಗೆ ಮುಳುಗಿದಾಗ, ಬೋಟು ಜಾಲಿಕಂಟಿಯಲ್ಲಿ ಸಿಕ್ಕಿಕೊಂಡು ಮುಂದೆ ಹೋಗದಿದ್ದಾಗ, ಎದೆಮಟ್ಟ ನೀರಿಗೆ ಇಳಿದು ಆಕೆಯನ್ನು ಬೆನ್ನ ಮೇಲೆ ಹೊತ್ತು ತಂದ. ಕಸ್ತೂರೆವ್ವ ಹಾಲು ಮೊಸರಿನ ಮನೆಯ ಹೆಣ್ಣುಮಗಳು, ಎಂಬತ್ತು ಕಿಲೋಗೆ ಕಡಿಮೆ ಇರಲಿಲ್ಲ. ಆಗ ಬೆನ್ನಿಗೆ ಏನೂ ಆಗಲಿಲ್ಲ. ಮನೆಗೆ ಬಂದು ನಾಲ್ಕು ರೊಟ್ಟಿ ಉಂಡು ಮಲಗಿದ, ಬೆಳಗ್ಗೆ ಎದ್ದ.

ಬೆನ್ನು ಹೋದದ್ದು ಅದಾಗಿ ಒಂದೂವರೆ ತಿಂಗಳಿಗೆ, ಸ್ವಂತ ಮನೆಯ ಹೊಸ್ತಿಲಲ್ಲಿ. ಆ ದಿನ ಆಚೆ ದಂಡೆಯಿಂದ ಮದುವೆಯ ದಿಬ್ಬಣವೊಂದನ್ನು ತರುವುದಿತ್ತು. ಇಸ್ತ್ರಿ ಅಂಗಿ ಹಾಕಿಕೊಂಡು ಹೊರಟ ಹೊಳೆಪ್ಪ ಹೊಸ್ತಿಲು ದಾಟುವಷ್ಟರಲ್ಲಿ ಸೀನಿದ. ಒಂದೇ ಸೀನು.

"ಒಂಟಿ ಸೀನು ಛಲೋ ಅಲ್ರಿ. ಒಳಗ ಬಂದು ನೀರ ಕುಡದು, ಒಂದೀಟು ಕುಂತು ಹೋಗ್ರಿ" ಎಂದಳು ಸಾತವ್ವ.

"ಅಲ್ಲಿ ಮದಿವಿ ಮಂದಿ ಬಿಸಲಾಗ ನಿಂತೈತಿ. ಕುಂದ್ರಾಕ ಟೈಮ್ ಎಲ್ಲೈತಿ?"

"ಹಂಗಾರ ಇನ್ನೊಂದ ಸೀನ್ರಿ. ಜೋಡಿ ಆದ್ರ ನಡೀತೈತಿ."

ಸಾತವ್ವ ಇದನ್ನು ಚೇಷ್ಟೆಗೆ ಹೇಳಿದಳು. ಹೊಳೆಪ್ಪ ಅದನ್ನು ಕಾಯಿದೆಯಂತೆ ತೆಗೆದುಕೊಂಡ. ನೀರಿನ ಮೇಲೆ ಬಾಳುವವರು ಶಕುನವನ್ನು ಮೀರುವುದಿಲ್ಲ. ಆದರೆ ಶಕುನವನ್ನು ರಿಪೇರಿ ಮಾಡಬಾರದೆಂದು ಯಾರೂ ಹೇಳಿಲ್ಲವಲ್ಲ! ಸತ್ತ ಅವ್ವನ ತಪಕೀರಿನ ಡಬ್ಬಿ ಗೋಡೆಯ ಮಾಡದಲ್ಲಿ ಹತ್ತು ವರ್ಷದಿಂದ ಹಾಗೇ ಕುಳಿತಿತ್ತು. ಹೊಳೆಪ್ಪ ಅದನ್ನು ತೆಗೆದ, ಒಂದು ಚಿಟಿಕೆ ಮೂಗಿಗೆ ಏರಿಸಿದ. ಸೀನು ಬರಲಿಲ್ಲ. ಹಳೇ ತಪಕೀರು, ಜೀವ ಹೋಗಿರಬೇಕು ಎಂದುಕೊಂಡು ಇನ್ನೆರಡು ಚಿಟಿಕೆ ಏರಿಸಿ, ಹೊತ್ತಾಯಿತೆಂದು ಚಪ್ಪಲಿ ಹಾಕಿಕೊಳ್ಳಲು ಬಾಗಿದ. ಅವ್ವನ ತಪಕೀರಿಗೆ ಜೀವ ಹೋಗಿರಲಿಲ್ಲ. ಒಂದು ಕಾಲು ಚಪ್ಪಲಿಯಲ್ಲಿ, ಒಂದು ಕಾಲು ಗಾಳಿಯಲ್ಲಿ, ನಡು ಎರಡು ಮಡಿಕೆ, ಅಂಥ ಹೊತ್ತಿಗೆ ಎರಡನೆಯ ಸೀನು ಬಂತು. ಅದರ ಸಪ್ಪಳಕ್ಕೆ ಎದುರು ಮನೆಯ ಕೋಳಿ ಗೋಡೆ ಹಾರಿತು. ಹೊಳೆಪ್ಪನ ನಡುವಿನಲ್ಲಿ ಏನೋ ಚಟಕ್ ಎಂದಿತು. ಶಕುನ ಸರಿಹೋಯಿತು, ಮನುಷ್ಯ ಅಂಗಳದಲ್ಲಿ ಬಿದ್ದ.

ಜನ ಕೂಡಿದರು. ಪಂಚಾಯಿತಿಯ ಅಧ್ಯಕ್ಷ ಗಿರಮಲ್ಲಪ್ಪ ಬಂದು, ಬಿದ್ದವನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, ದುಃಖದಿಂದ ತಲೆ ಅಲ್ಲಾಡಿಸಿದ.

"ಮಹಾಪೂರದಾಗ ಮಂದೀನ್ನ ಹೊತ್ತಿದ್ದು ಒಳಗ ಕುಂತಿತ್ತು. ಈಗ ಹೊರಗ ಬಿದ್ದೈತಿ. ಹೌದಿಲ್ಲೋ ಹೊಳೆಪ್ಪ?"

ಹೊಳೆಪ್ಪ "ಹೂಂ" ಎಂದ. ನೋವಿಗೆ ಎಂದನೋ ಮಾತಿಗೆ ಎಂದನೋ ಅವನಿಗೇ ಆಗ ಗೊತ್ತಿರಲಿಲ್ಲ. ಆದರೆ ಮರುದಿನವೂ ಅವನು ಅದನ್ನು ತಿದ್ದಲಿಲ್ಲ, ಅದರ ಮರುದಿನವೂ ತಿದ್ದಲಿಲ್ಲ. ತಪಕೀರಿನಿಂದ ಬೆನ್ನು ಮುರಿದುಕೊಂಡವನು ಎಂದು ಹೇಳಿಸಿಕೊಳ್ಳುವುದಕ್ಕಿಂತ ಮಂದಿಯನ್ನು ಹೊತ್ತು ಮುರಿದುಕೊಂಡವನು ಎನಿಸಿಕೊಳ್ಳುವುದು ಹಿತವಾಗಿತ್ತು. ಅಷ್ಟು ಚಿಕ್ಕ ಮಾತಿನಲ್ಲಿ ಅಷ್ಟು ದೊಡ್ಡ ಸುಳ್ಳು ಹೇಳಿದವರು ಆ ಸೀಮೆಯಲ್ಲಿ ಇನ್ನೊಬ್ಬರಿಲ್ಲ.

ಮಿರಜಿನ ಒಂದು ದವಾಖಾನೆಯಲ್ಲಿ ಆಪರೇಷನ್ ಆಯಿತು. ಅಲ್ಲಿಯ ಡಾಕ್ಟರು ಒಳ್ಳೆಯವರು, ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಎಲ್ಲವನ್ನೂ ಬಿಡಿಸಿ ಹೇಳಿದರು. "ಭಾರ ಎತ್ತಿದ್ರ ಆಗತೈತಿ. ಕೆಲವರಿಗೆ ಬರೇ ಸೀನಿದ್ರೂ ಆಗತೈತಿ ಬಘಾ" ಎಂದರು. ಹೊಳೆಪ್ಪ ಕಿಟಕಿಯ ಹೊರಗೆ ನೋಡತೊಡಗಿದ. ಸಾತವ್ವ ಬಾಯಿಗೆ ಸೆರಗು ಒತ್ತಿಕೊಂಡಳು.

ಬಾಗಬಾರದು, ನಡು ಹೊರಳಿಸಬಾರದು, ಭಾರ ಎತ್ತಬಾರದು, ಝಟಕಾ ಹೊಡೆದು ಜಗ್ಗಬಾರದು ಎಂದು ಡಾಕ್ಟರು ಬರೆದುಕೊಟ್ಟರು. ಬೋಟು ನಡೆಸುವವನಿಗೆ ಇವುಗಳನ್ನು ಬಿಟ್ಟರೆ ಬೇರೆ ಕೆಲಸವಿಲ್ಲ. ಬೋಟು ಊರಿನ ಇನ್ನೊಬ್ಬ ಅಂಬಿಗ ಕರೆಪ್ಪನ ಕೈಗೆ ಹೋಯಿತು. ಹೊಳೆಪ್ಪ ನಡುವಿಗೆ ಒಂದು ಗೇಣು ಅಗಲದ ಪಟ್ಟಿ ಬಿಗಿದುಕೊಂಡು ಮನೆಯಲ್ಲಿ ಉಳಿದ.

ಆ ಪಟ್ಟಿಯಲ್ಲಿ ಅವನು ಎದೆ ಮುಂದೆ ಮಾಡಿಕೊಂಡು ನಡೆಯುತ್ತಿದ್ದ. ದೂರದಿಂದ ನೋಡಿದವರಿಗೆ ಫೌಜದಾರ ಬಂದಂತೆ ಕಾಣುತ್ತಿತ್ತು. ಹಿಂದಿನಿಂದ ಯಾರಾದರೂ ಕರೆದರೆ ಕುತ್ತಿಗೆ ಹೊರಳಿಸುವಂತಿರಲಿಲ್ಲ, ನಿಲ್ದಾಣದಲ್ಲಿ ಬಸ್ಸು ತಿರುಗಿಸಿದಂತೆ ಮೂರು ನಾಲ್ಕು ಹೆಜ್ಜೆಯಲ್ಲಿ ಇಡೀ ಮೈಯನ್ನೇ ತಿರುಗಿಸಬೇಕಿತ್ತು. ಅವನು ಬಾಗುವುದಿಲ್ಲ ಎಂಬುದನ್ನು ಮೊದಲು ಪತ್ತೆ ಹಚ್ಚಿದವು ಎದುರು ಮನೆಯ ಕೋಳಿಗಳು. ಅವನು ಕುಳಿತ ಮಂಚದ ಕೆಳಗೇ ಜೋಳ ಹೆಕ್ಕಿ ತಿನ್ನುತ್ತಿದ್ದವು, ಹುಶ್ ಎಂದರೂ ತಲೆ ಎತ್ತುತ್ತಿರಲಿಲ್ಲ. ನೋಡಿ ನೋಡಿ ಹೊಳೆಪ್ಪನಿಗೂ ನಗು ಬರುತ್ತಿತ್ತು. ಆದರೆ ದಿನಕ್ಕೆ ನಾಲ್ಕು ಸಲ ಹೊಳೆಯಿಂದ ಎಂಜಿನ್ನಿನ ಸದ್ದು ಕೇಳಿದಾಗ ಮಾತ್ರ ನಗು ಬರುತ್ತಿರಲಿಲ್ಲ. ತನ್ನ ಬೋಟು ಇನ್ನೊಬ್ಬನ ಕೈಯಲ್ಲಿ ಹೋಗುವ ಸದ್ದು ಅದು. ಆಗ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದ. ಆ ಬೋಟಿನ ಹಿಂದಿನ ಒಂದು ಮೊಳದ ಹಲಗೆ ಬಿಟ್ಟರೆ ಈ ಲೋಕದಲ್ಲಿ ತನಗೆ ಬೇರೆ ಜಾಗವಿಲ್ಲ ಎಂದು ಅವನಿಗೆ ಖಾತ್ರಿಯಾಗಿತ್ತು.

ಕಸ್ತೂರೆವ್ವನ ಮನೆಯಿಂದ ವಾರಕ್ಕೆ ಎರಡು ಸಲ ದೊಡ್ಡ ಗಡಿಗೆಯ ತುಂಬ ಎಮ್ಮೆಯ ಮೊಸರು ಬರುತ್ತಿತ್ತು. ಜೀವ ಉಳಿಸಿದ್ದಕ್ಕೆ ಕಳಿಸುತ್ತಾಳೆ ಎಂದು ಹೊಳೆಪ್ಪ ತಿಳಿದಿದ್ದ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ ಅವನೂ ಉಣ್ಣುತ್ತಿದ್ದ.

ಆರು ತಿಂಗಳ ಮೇಲೆ ಡಾಕ್ಟರು ಪಟ್ಟಿ ಸಡಿಲಿಸಿದರು. "ಕುಂತು, ಬೆನ್ನ ನೆಟ್ಟಗಿಟ್ಟು, ಎರಡೂ ಕೈಲೆ ಹಳೂಕ ಜಗ್ಗಿದ್ರ ಅಡ್ಡಿ ಇಲ್ಲ. ರೂಢಿ ಮಾಡ್ಕೋ" ಎಂದರು. ಮನೆಯಲ್ಲಿ ಕುಳಿತು ಜಗ್ಗುವಂಥದ್ದು ಏನಿದೆ? ಹೊಳೆಪ್ಪ ಯೋಚಿಸಿ ಅಡಿಗೆಮನೆಗೆ ನಡೆದ. ಕಂಬಕ್ಕೆ ಕಟ್ಟಿದ ಕಡಗೋಲು, ಅದಕ್ಕೆ ಸುತ್ತಿದ ಹಗ್ಗ. ಗೋಡೆಗೆ ಬೆನ್ನು ಆನಿಸಿ ಕುಳಿತು ಮಜ್ಜಿಗೆ ಕಡೆಯತೊಡಗಿದ.

"ಇಪ್ಪತ್ತೆಂಟ ವರ್ಷದಾಗ ಒಂದ ದಿನ ಒಲಿ ಕಡೆ ಬಂದವರಲ್ಲ. ಮಿರಜಿನ್ಯಾಗ ಬೆನ್ನ ಅಷ್ಟ ಬಿಚ್ಚಿದ್ರೋ, ತಲೀನೂ ಬಿಚ್ಚಿದ್ರೋ?" ಎಂದಳು ಸಾತವ್ವ.

"ಸುಮ್ಕಿರಲೇ. ನಿನಗ ಆಸರಾಗಲಿ ಅಂತ ಮಾಡಾಕತ್ತೇನಿ."

ಸಾತವ್ವ ಅವನ ಕೈಯ ಎಳೆತ ನೋಡಿದಳು, ಎಲ್ಲ ಅರ್ಥವಾಯಿತು, ಗಡಿಗೆಯನ್ನು ಅವನ ಹತ್ತಿರ ಸರಿಸಿದಳು. ಮೂರು ತಿಂಗಳು ಹೊಳೆಪ್ಪ ಕಸ್ತೂರೆವ್ವನ ಮೊಸರು ಕಡೆದ. ಬೆಣ್ಣೆ ಬಂತು, ತೋಳಿಗೆ ಬಲವೂ ಬಂತು.

ಅಷ್ಟರಲ್ಲಿ ಗಿರಮಲ್ಲಪ್ಪ ಹೇಳಿ ಕಳಿಸಿದ. ಶ್ರಾವಣದ ಮೊದಲ ಸೋಮವಾರ ಊರವರ ಎದುರು ಹೊಳೆಪ್ಪ ಮಂದಿಯನ್ನು ಕೂಡಿಸಿಕೊಂಡು ಒಂದು ಸಲ ಹೊಳೆ ದಾಟಿ ಬರಬೇಕು. ದಾಟಿ ಬಂದರೆ ಬೋಟು ಅವನದೇ. ಆಗದಿದ್ದರೆ ಇನ್ನು ಮುಂದೆ ಕರೆಪ್ಪನೇ ಕಾಯಂ.

ಸೋಮವಾರ ದಂಡೆಯ ತುಂಬ ಜನ. ಹೊಳೆಪ್ಪ ಅಂಗಿಯ ಒಳಗೆ ಪಟ್ಟಿ ಬಿಗಿದುಕೊಂಡು, ಕರೆಪ್ಪನ ಹೆಗಲು ಹಿಡಿದು ಬೋಟು ಹತ್ತಿದ. ತನ್ನ ಹಲಗೆಯ ಮೇಲೆ ಕುಳಿತ. ಎಂಜಿನ್ನಿನ ತಲೆಯ ಮೇಲೆ ಕೈ ಸವರಿದ. ಯಾರೂ ನೋಡದಿದ್ದರೆ ಮುದ್ದು ಕೊಡುತ್ತಿದ್ದನೇನೋ.

ಹತ್ತಾರು ಮಂದಿ ಹತ್ತಿ ಕುಳಿತರು. ಗಿರಮಲ್ಲಪ್ಪ ಚೆಂಡುಹೂವಿನ ಮಾಲೆ ಹಿಡಿದು ದಂಡೆಯ ಮೇಲೆ ಭಾಷಣ ಸುರು ಮಾಡಿದ. ಮಂದಿಗಾಗಿ ಬೆನ್ನು ಮುರಿದುಕೊಂಡ ಮಹಾನುಭಾವ, ಊರ ಹೆಮ್ಮೆ, ಇತ್ಯಾದಿ. ಹೊಳೆಪ್ಪ ತಲೆ ತಗ್ಗಿಸಬೇಕೆಂದುಕೊಂಡ, ಪಟ್ಟಿ ಅದಕ್ಕೂ ಬಿಡಲಿಲ್ಲ. ಹೊಗಳಿಸಿಕೊಳ್ಳುವಾಗ ಎದೆ ಎತ್ತಿಯೇ ಕೂರಬೇಕಾಯಿತು.

ಆಗ ಅವನಿಗೆ ಕಸ್ತೂರೆವ್ವ ಕಂಡಳು. ಕೈಯಲ್ಲೊಂದು ಸಣ್ಣ ಗಂಟು ಹಿಡಿದು ನೀರಿನ ಅಂಚಿಗೆ ಬಂದು ನಿಂತಿದ್ದಳು. ಬೋಟಿಗೆ ಕಾಲಿಡಲಿಲ್ಲ.

"ಬಾ ಬೇ ಯಕ್ಕಾ, ಹತ್ತು. ನಿನಗ ಜಾಗಾ ಐತಿ" ಎಂದ ಹೊಳೆಪ್ಪ.

"ಇಲ್ಲ ತಮ್ಮಾ, ನಾ ಒಲ್ಲೆ. ಈ ಗಂಟಷ್ಟ ನನ್ನ ಮಗಳಿಗೆ ಮುಟ್ಟಸು. ಕೂಸಿನ ಕುಂಚಿಗಿ ಐತಿ ಅದರಾಗ."

ಆಕೆಯ ಮಗಳು ಶೇವಂತಿ ಆಚೆ ದಂಡೆಯ ಊರಿನ ಸೊಸೆ. ಮೂರನೆಯ ಹೆರಿಗೆ ಅಲ್ಲೇ ಆಗಿತ್ತು. ಐದು ತಿಂಗಳು ತುಂಬದ ಕೂಸನ್ನು ಹೊಳೆ ದಾಟಿಸಬಾರದೆಂದು ಅತ್ತೆಯ ಮನೆಯವರು ತವರಿಗೆ ಕಳಿಸಿರಲಿಲ್ಲ.

"ನೀನ ಹೋಗಿ ತೊಡಸಬೇ. ಮೊಮ್ಮಗನ್ನ ನೋಡಿಲ್ಲೇನ ಇನ್ನ?"

ಕಸ್ತೂರೆವ್ವ ನೀರಿನ ಕಡೆ ನೋಡಿದಳು. "ಎಲ್ಲಿ ನೋಡ್ಲಿ? ಹೊಳಿ ಗಂಗವ್ವಗ ಮಾತ ಕೊಟ್ಟೇನಿ. ನನ್ನ ಹೊತ್ತು ನಿನ್ನ ಬೆನ್ನ ಹೋತು. ನೀ ಮತ್ತ ಬೋಟ ಹಿಡಿಯೂ ಮಟಾ ನಾ ಹೊಳಿ ದಾಟೂದಿಲ್ಲ, ಸೇತುವಿ ಮ್ಯಾಲೂ ದಾಟೂದಿಲ್ಲ ಅಂತ. ಇವತ್ತ ನೀ ಹಿಡದಿ, ನನ್ನ ಹರಕಿ ತೀರ್ತು. ಆದ್ರ ಈ ಬೋಟನ್ಯಾಗ ನಾ ಕುಂದ್ರೂದಿಲ್ಲಪಾ. ಒಮ್ಮಿ ನನ್ನ ಭಾರ ನಿನ್ನ ಮ್ಯಾಲ ಹಾಕಿದ್ದ ಸಾಕು."

ಹೊಳೆಪ್ಪನ ಕೈ ಎಂಜಿನ್ನಿನ ಮೇಲೆಯೇ ನಿಂತಿತು. ಒಂಬತ್ತು ತಿಂಗಳು. ಕಣ್ಣೆದುರೇ ಕಾಣುತ್ತಿದ್ದ ದಂಡೆ, ಅಲ್ಲಿ ಹೆತ್ತ ಮಗಳು, ಅಲ್ಲಿ ಹುಟ್ಟಿದ ಕೂಸು. ಇಲ್ಲಿ ತಾನು ಆಕೆಯ ಮೊಸರುಂಡು, ಉಳಿದದ್ದನ್ನು ಕಡೆದು ತೋಳು ಬಲಿಸಿಕೊಳ್ಳುತ್ತಿದ್ದ. ಜನರ ನಡುವೆ ನಿಂತಿದ್ದ ಸಾತವ್ವನ ಕಡೆ ನೋಡಿದ. ಆಕೆ ಸೆರಗು ಸರಿ ಮಾಡಿಕೊಂಡು ಬೇರೆ ಕಡೆ ನೋಡಿದಳು. ಈಗ ಬಾಯಿ ಬಿಟ್ಟರೆ ಮಾಲೆ ಹೋಗುತ್ತದೆ, ಮರ್ಯಾದೆ ಹೋಗುತ್ತದೆ, ಪ್ರಾಯಶಃ ಹಲಗೆಯೂ ಹೋಗುತ್ತದೆ.

"ಯಕ್ಕಾ, ನಿನ್ನ ಭಾರಕ್ಕ ನನ್ನ ಬೆನ್ನ ಹೋಗಿಲ್ಲ" ಎಂದ.

"ಸಮಾಧಾನ ಹೇಳಬ್ಯಾಡೋ."

"ಸಮಾಧಾನ ಅಲ್ಲಬೇ, ಖರೆ ಹೇಳಾಕತ್ತೇನಿ. ಸೀನಿ ಹೋತು."

ಗಿರಮಲ್ಲಪ್ಪನ ಭಾಷಣ ನಿಂತಿತು. "ಏನಂದಿ?"

"ಸೀನಿದ್ನಿರಿ. ಮದಿವಿ ಮಂದಿ ತರಾಕ ಹೊಂಟಾಗ ಒಂಟಿ ಸೀನ ಬಂತು. ಜೋಡಿ ಮಾಡೂಣು ಅಂತ ನಮ್ಮವ್ವನ ತಪಕೀರ ಏರಿಸಿದೆ. ಒಂದ ಚಿಟಿಕಿ ಸಾಲಲಿಲ್ಲ ಅಂತ ಮತ್ತೆರಡ ಏರಿಸಿದೆ. ಚಪ್ಪಲ್ ಹಾಕ್ಕೊಳ್ಳಾಕ ಬಗ್ಗಿದಾಗ ಎರಡನೇ ಸೀನ ಬಂತು, ನಡಾ ಹೋತು. ಮಹಾಪೂರಕ್ಕೂ ಇದಕ್ಕೂ ಏನೇನೂ ಸಂಬಂಧ ಇಲ್ಲ. ಅವತ್ತ ನಿಮ್ಮ ಮಾತಿಗೆ ಹೂಂ ಅಂದಿದ್ದ ಸುಳ್ಳು."

ಮೊದಲು ಕರೆಪ್ಪ ನಕ್ಕ. ಅವನ ಹಿಂದೆ ಬೋಟು ನಕ್ಕಿತು, ಬೋಟಿನ ಹಿಂದೆ ದಂಡೆ ನಕ್ಕಿತು. ನಗುವ ಮಂದಿಗೆ ಬೋಟು ಎಡಕ್ಕೂ ಬಲಕ್ಕೂ ವಾಲಾಡಿತು. ಗಿರಮಲ್ಲಪ್ಪ ಮಾಲೆಯನ್ನು ಯಾರ ಕೊರಳಿಗೆ ಹಾಕಬೇಕೆಂದು ತಿಳಿಯದೆ ಹಿಡಿದುಕೊಂಡೇ ನಿಂತ. ಕೊನೆಗೆ ಬಾಗಿ ಎಂಜಿನ್ನಿಗೆ ಹಾಕಿದ. "ಇದಾದ್ರೂ ಸುಳ್ಳ ಹೇಳಿಲ್ಲ" ಎಂದ.

ಕಸ್ತೂರೆವ್ವ ನಗಲಿಲ್ಲ. ಸೀರೆ ಎತ್ತಿ ನೀರಿಗಿಳಿದು, ಬೋಟಿನ ಅಂಚು ಹಿಡಿದು, ತನ್ನ ಎಂಬತ್ತು ಕಿಲೋವನ್ನೂ ತಾನೇ ಎತ್ತಿ ಒಳಗೆ ಹಾಕಿದಳು. ನೇರ ಬಂದು ಹೊಳೆಪ್ಪನ ಎದುರಿನ ಹಲಗೆಯ ಮೇಲೆ ಕುಳಿತಳು.

"ಮೂರ ತಿಂಗಳಾತು ಆ ಕೂಸು ಹುಟ್ಟಿ" ಎಂದಳು. "ನನ್ನ ಮಗಳು ಬ್ಯಾನಿ ತಿನ್ನಾಕತ್ತಾಗ ನಾ ಈ ದಂಡಿ ಮ್ಯಾಲ ಕುಂತ ಅತ್ತೇನಿ. ನಿನ್ನ ಸೀನಿಗೆ. ಹೊಂಡು ಇನ್ನ."

ನಗುತ್ತಿದ್ದವರು ನೆಟ್ಟಗೆ ಕುಳಿತು ಬೋಟಿನ ಅಂಚು ಹಿಡಿದುಕೊಂಡರು.

ಬೋಟು ಬಿಡುವ ಮೊದಲು ನಡೆಸುವವನು ಹೊಳೆಯ ನೀರು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಬೇಕು. ಅಪ್ಪ, ಅಜ್ಜನ ಕಾಲದಿಂದ ಅದು ತಪ್ಪಿಲ್ಲ. ಹೊಳೆಪ್ಪ ಕೈ ಕೆಳಗೆ ಬಿಟ್ಟ. ನೀರು ಇನ್ನೂ ಒಂದು ಗೇಣು ಕೆಳಗಿತ್ತು. ಪಟ್ಟಿ ಬಿಡಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿದ. ಎಲ್ಲರೂ ನೋಡುತ್ತಿದ್ದರು. ಆಗ ಕಸ್ತೂರೆವ್ವ ಪಕ್ಕಕ್ಕೆ ಬಾಗಿ ನೀರಿನಲ್ಲಿ ಕೈ ಅದ್ದಿ, ಆ ಒದ್ದೆ ಕೈಯನ್ನು ಅವನ ಎರಡೂ ಕಣ್ಣಿಗೆ ಒತ್ತಿದಳು. ಮೆತ್ತಗೇನೂ ಒತ್ತಲಿಲ್ಲ.

"ಜಗ್ಗು" ಎಂದಳು.

ಹೊಳೆಪ್ಪ ಎದ್ದು ನಿಲ್ಲಲಿಲ್ಲ. ಬೆನ್ನು ನೆಟ್ಟಗಿಟ್ಟು, ಎರಡೂ ಕೈಯಲ್ಲಿ ಹಗ್ಗ ಹಿಡಿದು, ಮಜ್ಜಿಗೆ ಕಡೆಯುವವನಂತೆ ಜಗ್ಗಿದ. ಎಂಜಿನ್ನು ಕೆಮ್ಮಿತು. ಎರಡನೆಯ ಸಲವೂ ಕೆಮ್ಮಿತು. ಅಷ್ಟರಲ್ಲಿ ಕೈಗಂಟಿದ್ದ ಚೆಂಡುಹೂವಿನ ಪುಡಿ ಮೂಗಿಗೆ ಹೋಗಿ ಗಿರಮಲ್ಲಪ್ಪ ದಂಡೆಯ ಮೇಲೆ ಗಟ್ಟಿಯಾಗಿ ಸೀನಿದ. ಒಂದೇ ಸೀನು. ಇಡೀ ಬೋಟು ಉಸಿರು ಹಿಡಿದು ಹೊಳೆಪ್ಪನನ್ನು ನೋಡಿತು.

"ಒಂದ ಸಾಕ್ರಿ ಅಧ್ಯಕ್ಷರ. ಎರಡನೇದ್ದು ಬ್ಯಾಡ" ಎಂದು ಹೊಳೆಪ್ಪ ಮೂರನೆಯ ಸಲ ಜಗ್ಗಿದ. ಎಂಜಿನ್ನು ಗುರ್ ಎಂದಿತು.

ನೀರಿನ ನಡುವೆ ಕರೆಪ್ಪ ಹತ್ತಿರ ಸರಿದು ಅವನ ಕಿವಿಯಲ್ಲಿ, "ನಾಳಿ ಮುಂಜೇಲಿ ಆರಕ್ಕ ನೀನ ಬಾಪಾ ಹೊಳೆಪ್ಪಣ್ಣ. ಒಂಬತ್ತ ತಿಂಗಳಾತು, ನಾ ಕಣ್ಣ ತುಂಬ ನಿದ್ದಿ ಮಾಡಿಲ್ಲ" ಎಂದ. ಯಾವ ವೈರಿಗೆ ಹೆದರಿ ಹೊಳೆಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದನೋ ಆ ವೈರಿಗೆ ಬೇಕಾಗಿದ್ದದ್ದು ನಿದ್ದೆಯಂತೆ.

ಆಚೆ ದಂಡೆಗೆ ಬೋಟು ಮುಟ್ಟುವ ಮೊದಲೇ ಕಸ್ತೂರೆವ್ವ ಇಳಿದಳು. ಹಿಂದೆ ನೋಡದೆ ಏರಿ ಹತ್ತಿ ನಡೆದಳು. ಫೋನಿನಲ್ಲಿ ಸುದ್ದಿ ತಿಳಿದ ಶೇವಂತಿ ಕೂಸನ್ನು ಎದೆಗೊತ್ತಿಕೊಂಡು ದೂರದಿಂದ ಓಡುತ್ತ ಬರುತ್ತಿದ್ದಳು. ಉಳಿದವರು ಇಳಿದು, ಈಚೆಗೆ ಬರುವವರು ಹತ್ತಿ, ಹೊಳೆಪ್ಪ ಬೋಟು ತಿರುಗಿಸಿಕೊಂಡು ಹೊರಟ. ನೂರು ಮಾರು ಬಂದಿರಬೇಕು. ಬೆನ್ನ ಹಿಂದೆ ದಂಡೆಯ ಮೇಲೆ ಒಂದು ಹೆಣ್ಣು ಗಟ್ಟಿಯಾಗಿ ಅತ್ತದ್ದು ಕೇಳಿಸಿತು. ಅದರೊಳಗೆ ಒಂದು ಕೂಸಿನ ಅಳುವೂ ಸೇರಿತು. ಹೊಳೆಪ್ಪನಿಗೆ ಕುತ್ತಿಗೆ ಹೊರಳಿಸಲು ಬರುವಂತಿರಲಿಲ್ಲ. ನೋಡಬೇಕೆಂದರೆ ಇಡೀ ಬೋಟನ್ನೇ ತಿರುಗಿಸಬೇಕು. ಅವನು ತಿರುಗಿಸಿದ.

"ಯಾಕ್ರಿ? ಏನ ಮರತ್ರಿ?" ಎಂದು ಬೋಟಿನಲ್ಲಿದ್ದವರು ಕೂಗಿದರು.

"ಏನೂ ಮರತಿಲ್ಲ. ಆ ಕೂಸನ್ನ ನೋಡೂದಿತ್ತು" ಎಂದ ಹೊಳೆಪ್ಪ.

ದಂಡೆಯ ಮೇಲೆ ಕಸ್ತೂರೆವ್ವ ನೆಲದ ಮೇಲೆ ಕುಳಿತು, ತೊಡೆಯ ಮೇಲಿನ ಕೂಸಿನ ತಲೆಗೆ ಕುಂಚಿಗೆ ತೊಡಿಸುತ್ತಿದ್ದಳು. ಕುಂಚಿಗೆ ಆಗಲೇ ಚಿಕ್ಕದಾಗಿತ್ತು.